ಖಾಲಿ ಕುರ್ಚಿಯ ಹುಡುಗಿ

ಮಾನ್ಯ ಅಧ್ಯಕ್ಷರೇ, ಹಾರ್ಲೆಮ್ ನಗರದ ಗೌರವಾನ್ವಿತ ಧರ್ಮದರ್ಶಿಗಳೇ, ಈಗಷ್ಟೇ ಮಾತು ಮುಗಿಸಿ ಬೆವರೊರೆಸಿಕೊಳ್ಳುತ್ತಿರುವ ಪ್ರೊಫೆಸರರೇ, ಮತ್ತು ಕಾಫಿ ಯಾವಾಗ ಬರುತ್ತದೆಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ನಾನು ಹೆಂಡ್ರಿಕಾ. ನನ್ನ ಹಿಂದಿನ ಗೋಡೆಯಲ್ಲಿರುವ, ಅನಾಥಾಲಯದ ಹುಡುಗಿಯರ ಈ ದೊಡ್ಡ ಚಿತ್ರದಲ್ಲಿ, ಕಿಟಕಿಯ ಪಕ್ಕ ತಲೆ ತಗ್ಗಿಸಿ ಕಾಲುಚೀಲ ಹೆಣೆಯುತ್ತಿರುವ ಹುಡುಗಿ ನಾನೇ. ಹೋಲಿಕೆ ಕಾಣದಿದ್ದರೆ ತಪ್ಪು ಚಿತ್ರಗಾರರದಲ್ಲ. ಚಿತ್ರದ ಹುಡುಗಿಯರ ಪೈಕಿ ಉಳಿದಿರುವವಳು ಇವಳೊಬ್ಬಳೇ ಎಂದು, ಗತಿಯಿಲ್ಲದ ಮುದುಕಿಯರಿಗಾಗಿ ಕಟ್ಟಿಸಿರುವ ಧರ್ಮದ ವಠಾರದಲ್ಲಿ ನನಗೊಂದು ಕೋಣೆ ಕೊಟ್ಟಿದ್ದೀರಿ. ಕೃತಜ್ಞತೆಯ ನಾಲ್ಕು ಮಾತಾಡು ಎಂದಿದ್ದೀರಿ. ಆಡುತ್ತೇನೆ.

ಚಿತ್ರಗಾರ ಕೊಲ್ಡೆವೈನರು ಇದ್ದದ್ದನ್ನು ಇದ್ದಂತೆಯೇ ಬರೆಯುತ್ತಿದ್ದರೆಂದು ಪ್ರೊಫೆಸರರು ಹೇಳಿದರು. ಹೌದೇ? ಅನಾಥಾಲಯದ ಬಾರ್ಲಿ ಗಂಜಿ ಕುಡಿದು ನಮ್ಮ ಕೆನ್ನೆಗಳು ಕೆಂಪಗಿದ್ದವು. ಮೊದಲ ದಿನವೇ ಅವರು ಮುಖ ಸಿಂಡರಿಸಿ, "ಇವರೇನು ಅನಾಥರಾ? ಬೇಕರಿಯವನ ಮಕ್ಕಳ ಥರ ಇದ್ದಾರಲ್ಲ" ಅಂದರು. ಅಡುಗೆಮನೆಯಿಂದ ಹಿಟ್ಟು ತರಿಸಿ ನಮ್ಮ ಕೆನ್ನೆಗೆ ಬಳಿದರು. ಇಲ್ಲಿ ಇದ್ದದ್ದು ಇದ್ದಂತೆ ಇರುವುದು ನಮ್ಮ ಅಂಗಿ ಮಾತ್ರ. ಒಂದು ತೋಳು ಕೆಂಪು, ಇನ್ನೊಂದು ನೀಲಿ. ಓಡಿಹೋದರೆ ಹಿಡಿದು ತರಲು ಸುಲಭವಾಗಲೆಂದು.

ಇನ್ನು ಈ ಖಾಲಿ ಕುರ್ಚಿ. ಅಲ್ಲಿ ಕೂರಬೇಕಾಗಿದ್ದ ಮಗು ತೀರಿಕೊಂಡಿದೆ, ಆ ಶೂನ್ಯವೇ ಚಿತ್ರದ ಆತ್ಮ ಎಂದು ಪ್ರೊಫೆಸರರು ಹೇಳಿದಾಗ ಅಧ್ಯಕ್ಷರು ಕರ್ಚೀಫು ಹೊರತೆಗೆದರು. ಆ ತೀರಿಕೊಂಡ ಮಗು ಆಗ ಇದೇ ಸಭೆಯ ಹಿಂದಿನ ಸಾಲಿನಲ್ಲಿ, ಒಲೆಯ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಅವಳ ಹೆಸರು ಫೆಮ್ಮಿ.

ಇಡೀ ಚಳಿಗಾಲ ಫೆಮ್ಮಿ ಆ ಕುರ್ಚಿಯಲ್ಲೇ ಕೂತಿದ್ದಳು. ಕೊಲ್ಡೆವೈನರು ಕುಂಚ ಎಳೆಯುವಾಗಲೆಲ್ಲ ಅವರ ನಾಲಗೆಯ ತುದಿ ಹೊರಗೆ ಬರುತ್ತಿತ್ತು. ಅದನ್ನು ಕಂಡರೆ ಅವಳಿಗೆ ನಗು ತಡೆಯುತ್ತಿರಲಿಲ್ಲ.

"ಸತ್ತುಹೋದ ನಿಮ್ಮಪ್ಪನ್ನ ನೆನಸ್ಕೋ ಹುಡುಗಿ" ಎಂದು ಅವರು ಗದರಿದರು.

"ಅಪ್ಪನೂ ಹೀಗೇ ನಾಲಗೆ ಚಾಚ್ತಿದ್ದ, ಸ್ವಾಮಿ" ಎಂದು ಅವಳು ಇನ್ನಷ್ಟು ನಕ್ಕಳು.

ಕೊನೆಗೆ ಅವರು ಸೋತು, ನಗುವವಳನ್ನು ನಗುತ್ತಿರುವಂತೆಯೇ ಬರೆದರು. ಸಭಿಕರೇ, ಈ ಚಿತ್ರದಲ್ಲಿ ಜೀವವಿದ್ದ ಮುಖ ಅದೊಂದೇ. ಅಂದಿನ ಧರ್ಮದರ್ಶಿಗಳು ನೋಡಲು ಬಂದರು. "ನಗೋ ಅನಾಥರನ್ನ ನೋಡಿ ಯಾರ್ರೀ ದಾನ ಕೊಡ್ತಾರೆ? ತೆಗೀರಿ ಅದನ್ನ" ಅಂದರು. ಚಿತ್ರಗಾರರು ಚಾಕು ತೆಗೆದುಕೊಂಡು ಅವಳನ್ನು ಕೆರೆದು ಹಾಕಿದರು. ಕುರ್ಚಿ ಉಳಿಯಿತು.

ಆಮೇಲೆ ಫೆಮ್ಮಿ ಜೀವನವಿಡೀ ಊರಿನವರ ಬಟ್ಟೆ ಒಗೆದಳು. ಈಗ ಮಂಡಿ ಬಗ್ಗುವುದಿಲ್ಲ. ಅವಳಿರುವ ಲಾಂಡ್ರಿಯ ಅಟ್ಟವನ್ನು ಈ ವಾರ ಖಾಲಿ ಮಾಡಬೇಕಂತೆ, ಬೇರೆ ಜಾಗ ಸಿಗದಿದ್ದರೆ ಇನ್ನೊಂದು ಊರಿನ ದರಿದ್ರಾಲಯಕ್ಕೆ ಸಾಗಿಸುತ್ತಾರಂತೆ. ಅವಳೂ ಒಂದು ಕೋಣೆ ಕೇಳಲು ನಿಮ್ಮ ಕಚೇರಿಗೆ ಹೋಗಿದ್ದಳು. "ಚಿತ್ರದಲ್ಲಿ ನೀವು ಎಲ್ಲಿದ್ದೀರಿ ತೋರ್ಸಿ ಅಜ್ಜಿ" ಅಂದರು. ತೋರಿಸಿದಳು. "ಅಲ್ಲಿ ಯಾರೂ ಇಲ್ವಲ್ಲ" ಅಂದರು.

ನನ್ನ ಗಂಡ ದೋಣಿಯವನು, ಒಳ್ಳೆಯವನು. ಅವನು ತೀರಿಕೊಂಡಾಗ ನಾನು ಅತ್ತಿದ್ದೆ. ಆದರೆ ಫೆಮ್ಮಿ ಜ್ವರ ಬಂದು ಮಲಗಿದ್ದಾಗ ಅತ್ತಷ್ಟು ಅಳಲಿಲ್ಲ. ಇದನ್ನೇಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಫೆಮ್ಮಿ ನನಗೆ ಎಷ್ಟು ಬೇಕಾದವಳೆಂದು ಅವನಿಗಂತೂ ಗೊತ್ತಿತ್ತು, ಬೇಸರ ಮಾಡಿಕೊಂಡಿರಲಿಲ್ಲ. ನನಗೆ ಅವಳನ್ನು ಬಿಟ್ಟು ಇರುವುದು ಆಗುವುದಿಲ್ಲ, ಅಷ್ಟೇ.

ವಠಾರದ ನಿಯಮ ಓದಿಸಿ ಕೇಳಿದೆ. ಒಂದು ಕೋಣೆಗೆ ಒಬ್ಬಳೇ, ಅಕ್ಕತಂಗಿಯರಾದರೆ ಇಬ್ಬರು ಇರಬಹುದು. "ಹಾಗಾದ್ರೆ ನಮ್ಮಿಬ್ಬರನ್ನೂ ಒಟ್ಟಿಗಿರೋಕೆ ಬಿಡಿ" ಎಂದು ಅಧ್ಯಕ್ಷರನ್ನು ಕೇಳಿದೆ. "ನೀವು ಅಕ್ಕತಂಗಿಯರು ಅಂತ ಯಾರಮ್ಮ ಹೇಳಿದ್ದು?" ಅಂದರು. ಯಾರು ಹೇಳಿದರು? ಸ್ವಾಮಿ, ನಿಮ್ಮ ಅನಾಥಾಲಯವೇ ಹೇಳಿತು. ಅಲ್ಲಿಯ ಮೇಲ್ವಿಚಾರಕಿಯನ್ನು ಅಮ್ಮ ಎಂದೇ ಕರೆಯಬೇಕಿತ್ತು, ತಪ್ಪಿದರೆ ರಾತ್ರಿ ಊಟವಿಲ್ಲ. ಒಬ್ಬ ಅಮ್ಮನ ಮಕ್ಕಳು ಅಕ್ಕತಂಗಿಯರಲ್ಲದೆ ಮತ್ತೇನು?

ಇಷ್ಟಕ್ಕೂ, ನಾಲ್ಕೇ ಮಾತಾಡು ಎಂದರೂ ನಾನೇಕೆ ಇಷ್ಟು ಕೊರೆದೆ? ಪ್ರೊಫೆಸರರು ಶೂನ್ಯದ ಬಗ್ಗೆ ಹೇಳುತ್ತಿದ್ದಾಗ, ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಿದ್ದಾಗ, ಕೋಣೆಯ ಬೀಗದ ಕೈಯನ್ನು ಫೆಮ್ಮಿಗೆ ದಾಟಿಸಿದ್ದೆ. ಅವಳ ನಡಿಗೆ ನಿಧಾನ. ಗಂಟುಮೂಟೆ ಬೇರೆ. ಈಗ ತಲುಪಿರುತ್ತಾಳೆ. ಒಳಗಿನಿಂದ ಚಿಲಕ ಹಾಕಿಕೊಂಡು, ಒಲೆ ಹಚ್ಚಿ, ನನಗೂ ಸೇರಿಸಿ ಬಟಾಣಿ ಸಾರಿಗೆ ಇಟ್ಟಿರುತ್ತಾಳೆ. ಅವಳನ್ನು ಇನ್ನೊಂದು ಸಲ ಕೆರೆದು ತೆಗೆಯುವ ಮನಸ್ಸಿದ್ದವರು ಯಾರಾದರೂ ಇದ್ದರೆ, ನನ್ನ ಜೊತೆ ಬರಬಹುದು. ಬಾಗಿಲು ತೆಗೆಯುವುದು ನನ್ನ ದನಿಗೆ ಮಾತ್ರ.

ಕೋಣೆಗಾಗಿ ನಿಮಗೆಲ್ಲ ನಮ್ಮಿಬ್ಬರ ಧನ್ಯವಾದ. ನಾನಿನ್ನು ಮನೆಗೆ ಹೊರಡುತ್ತೇನೆ. ನಮಸ್ಕಾರ.