ಮೂರು ಸಲ ಕರೆದದ್ದು

ನಂಬದಿದ್ರೆ ಬಿಡಿ, ಆದ್ರೆ ಮಧ್ಯೆ ನಗಬೇಡಿ... ಇದು ಯಾರೋ ಹೊರಗಿನವರ ಸುದ್ದಿಯಲ್ಲ, ನಮ್ಮ ದೊಡ್ಡಪ್ಪನ ಮಗ ಚನ್ನೇಶನದು.

ಅವನಿಗೆ ಹಕ್ಕಿ ಫೋಟೋದ ಹುಚ್ಚು. ಹೋದ ಬೇಸಿಗೆ, ಗೂಡು ಕಟ್ಟೋ ಕಾಲ. ಕುಬಟೂರಿನ ಆಚೆ ಕಾಡುದಾರಿ ಪಕ್ಕ ಒಂದು ಆಲ, ಅದರ ಪೊಟರೆಯಲ್ಲಿ ಮಡಿವಾಳ ಹಕ್ಕಿ ಮರಿ ಮಾಡಿತ್ತು. ತಾಯಿಹಕ್ಕಿ ಗೂಡು ಬಿಟ್ಟು ಕದಲದು. ಚನ್ನೇಶ ಏನು ಮಾಡಿದ ಗೊತ್ತಾ? ಗಂಡುಹಕ್ಕಿಯ ಹಾಡನ್ನ ಮೊಬೈಲಲ್ಲಿ ಹಿಡಕೊಂಡು, ಪೊದೆಯಲ್ಲಿ ಸ್ಪೀಕರಿಟ್ಟು ಹಾಕಿದ. ಒಂದು ಸಲ... ತಾಯಿ ಕತ್ತೆತ್ತಿತು. ಎರಡು ಸಲ... ಪೊಟರೆ ಬಾಯಿಗೆ ಬಂತು. ಮೂರನೇ ಸಲಕ್ಕೆ ಹಾರಿ ಬಂದೇಬಿಡ್ತು.

ಅಷ್ಟೇ ಸಾಕಾಯ್ತು. ಕೆಂಬೂತವೊಂದು ಬಂದು ಪೊಟರೆಗೆ ಕೊಕ್ಕು ಹಾಕಿ ಮರಿಗಳನ್ನ ಎತ್ತಿಕೊಳ್ತು. ತಾಯಿಹಕ್ಕಿ "ಚರ್ರ್... ಚರ್ರ್..." ಅಂತ ಬಡಕೊಳ್ತಿದ್ರೆ ಈ ಪುಣ್ಯಾತ್ಮ ಒಂದು ಕಲ್ಲೂ ಎಸೆಯಲಿಲ್ಲ ಕಣ್ರೀ! ಫೋಟೋ ತೆಗೆದ. "ಮತ್ತೆ ಮಾಡ್ಕೊಳ್ತಾವೆ ಬಿಡು" ಅಂತ ನಕ್ಕ.

ದೀಪ ಹಚ್ಚೋ ಹೊತ್ತಿಗೆ ಮನೆ ಕಡೆ ನಡೆದ. ಮನೆ ಮುಂದೆ ಬಾವಿ. ದಿನಾ ಅಲ್ಲಿ ಕಾಲು ತೊಳೆದು ಹೆಂಡತಿಯನ್ನ ಕೂಗೋದು ರೂಢಿ. ಇನ್ನೂ ಗದ್ದೆ ದಾಟಿಲ್ಲ...

"ಮೈತ್ರೀ... ಟವೆಲ್ ತಾರೇ..."

ಬಾವಿ ಕಡೆಯಿಂದ. ಅವನದೇ ದನಿ! ರಾಟೆ "ಕಿರ್ರ್" ಅಂತು. ಮತ್ತೆ... "ಮೈತ್ರೀ... ಟವೆಲ್ ತಾರೇ..."

ಯಾತಕ್ಕೆ ಕರೀತಿದೆ ಅಂತ ಚನ್ನೇಶನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಮನೇಲಿ ಎಳೇ ಕೂಸು. "ಬರಬೇಡ ಕಣೇ!" ಅಂತ ಕಿರುಚಲು ಹೋದ, ಗಂಟಲಿಂದ ದನಿಯೇ ಹೊರಡಲಿಲ್ಲ... ಬಿದ್ದೆನೋ ಎದ್ದೆನೋ ಅಂತ ಓಡಿದ. ಮೂರನೇ ಸಲ ಕೂಗಿತು.

ಬಾವಿ ಹತ್ರ ಮೈತ್ರಿ ಒಬ್ಬಳೇ, ಕೈಯಲ್ಲಿ ಟವೆಲ್.

"ಈಗ ಕರೆದ್ರಲ್ಲ..." ಪಿಸುಗುಟ್ಟಿದಳು. "ದೆವ್ವ ಆದ್ರೆ ಒಂದೇ ಸಲ ಕರೆಯುತ್ತೆ ಅಂತ ಅತ್ತೆ ಹೇಳಿದ್ರು ರೀ. ನೀವು ಮೂರು ಸಲ ಕರೆದ್ರಿ... ಬಂದೆ."

"ಕೂಸು?"

"ತೊಟ್ಟಿಲಲ್ಲಿ. ಚಿಲಕ ಹಾಕ್ಕೊಂಡು ಬಂದೀನಿ."

ಹೊರಗಿನ ಚಿಲಕ ಹಾಕಿದ ಹಾಗೇ ಇತ್ತು. ಒಳಗೆ "ಕರಕ್... ಕರಕ್..." ಹಗ್ಗದ ಸದ್ದು. ಬಾಗಿಲು ತೆಗೆದ್ರೆ ತೊಟ್ಟಿಲು ತೂಗ್ತಾ ಇತ್ತು. ಕೂಸಿಲ್ಲ. ಹಾಸಿದ ಬಟ್ಟೆ ಇನ್ನೂ ಬೆಚ್ಚಗಿತ್ತು.

ಕಾಡೆಲ್ಲ ಹುಡುಕಿದರು, ಬಾವಿ ನೀರು ಬರಿದು ಮಾಡಿಸಿದರು. ಸಿಗಲಿಲ್ಲ ರೀ, ಏನೂ ಸಿಗಲಿಲ್ಲ.

ಈಗ ಗಂಡ ಎಷ್ಟು ಸಲ ಕರೆದ್ರೂ ಮೈತ್ರಿ ಓಗೊಡೋಲ್ಲ. ಆದ್ರೆ ದಿನಾ ಸಂಜೆ ಬಾವಿಕಟ್ಟೆ ಮೇಲೆ ಒಂದು ಟವೆಲ್ ಇಟ್ಟು ಬರ್ತಾಳೆ, ಅವತ್ತು ಕರೆದವನು ಕೂಸನ್ನ ತಿರುಗಿ ಕೊಟ್ಟಾನು ಅಂತ. ಚನ್ನೇಶ ಆ ಬಾವಿ ಹತ್ರ ಸುಳಿಯೋದೇ ಇಲ್ಲ...

ಬೆಳಿಗ್ಗೆ ಟವೆಲ್ ಒದ್ದೆಯಾಗಿರುತ್ತೆ. ನಾನೇ ಮುಟ್ಟಿ ನೋಡಿದೀನಿ ಕಣ್ರೀ.