ಪಂಪು ದೊಡ್ಡದಾದ ಸುದ್ದಿ

ಕೆಳಗೆ ಪಂಪಿನ ಅಡಿಪಾಯಕ್ಕೆ ಕಾಂಕ್ರೀಟ್ ಬೀಳುತ್ತಿದ್ದ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಲಿಫ್ಟಿಗೆ ಕಾಯುತ್ತಿದ್ದ ಸಿವಿಲ್ ಎಂಜಿನಿಯರಮ್ಮನ ಮುಂದೆ ಮೆಕ್ಯಾನಿಕಲ್‌ನವನೂ ಎಲೆಕ್ಟ್ರಿಕಲ್‌ನವನೂ ಕಚ್ಚಾಡುತ್ತಿದ್ದರು. ಜಗಳವೆಂದರೆ ಅವಳ ಕಿವಿ ತಾನಾಗಿಯೇ ನಿಮಿರುತ್ತಿತ್ತು.

“ಪಂಪು ಬದಲಾಯಿಸಿದ್ದು ನನಗ್ಯಾಕೆ ಹೇಳಲಿಲ್ಲ?” ಎಂದ ಎಲೆಕ್ಟ್ರಿಕಲ್‌ನವನು.

“ಡೇಟಾಬೇಸಲ್ಲಿ ಹಾಕಿದೀನಲ್ಲ. ಡಂಗುರ ಬೇರೆ ಸಾರಬೇಕಿತ್ತಾ?”

“ಹಳೇ ಮೋಟರಿನ ಲೆಕ್ಕದಲ್ಲಿ ಕೇಬಲ್ ತರಿಸಿಬಿಟ್ಟೆ. ಈಗ ಬೈಸಿಕೊಳ್ಳೋನು ನಾನು!”

“ಎಲ್ಲರೂ ಒಂದೇ ಕಡೆ ನೋಡಲಿ ಅಂತ ತಾನೇ ಅದನ್ನ ಮಾಡಿರೋದು? ನೀನು ಅದರಿಂದ ಯಾವತ್ತೋ ಇಳಿಸಿಕೊಂಡ ಪ್ರತೀನ ಎದೆಗವಚಿಕೊಂಡು ಕೂತರೆ ನಾನೇನು ಮಾಡಲಿ?”

“ನೀವು ದಿನಕ್ಕೊಂದು ಬದಲಾಯಿಸ್ತೀರಿ. ನಿಮ್ಮ ತಾಳಕ್ಕೆಲ್ಲ ನಾನು ಕುಣೀಲಾ?”

“ಕುಣೀಬೇಡ ಮಾರಾಯ, ಕಣ್ಣು ಬಿಟ್ಟು ನೋಡು, ಸಾಕು. ಈ ದೊಡ್ಡ ಪಂಪಿಗೆ ಅಡಿಪಾಯಾನೂ ಅಗಲ ಆಗಬೇಕು. ಸಿವಿಲ್‌ನವರು ತುಟಿ ಎರಡು ಮಾಡಿದ್ರಾ?”

“ಅವರಾದ್ರೂ ಎಲ್ಲಿ ನೋಡಿರ್ತಾರೆ?”

“ನೋಡಿರ್ತಾರೆ. ಅವರು ನಿನ್ನ ಹಾಗಲ್ಲ.”

ಲಿಫ್ಟ್ ಬಂತು. ಇಬ್ಬರೂ ಮುಖ ತಿರುಗಿಸಿಕೊಂಡೇ ಒಳಗೆ ನಿಂತರು. “ಬರಲ್ವಾ ಮೇಡಂ?” ಎಂದ ಮೆಕ್ಯಾನಿಕಲ್‌ನವನು, ಮರ್ಯಾದೆಯಿಂದ.

ಅವಳ ಕಂಪ್ಯೂಟರಿನಲ್ಲೂ ಇದ್ದದ್ದು ಯಾವತ್ತೋ ಇಳಿಸಿಕೊಂಡ ಪ್ರತಿಯೇ. ಬಾಗಿಲು ಮುಚ್ಚುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಓಡುತ್ತಿದ್ದಳು, “ಕಾಂಕ್ರೀಟ್ ನಿಲ್ಲಿಸ್ರೋ, ನಿಲ್ಲಿಸ್ರೋ” ಎಂದು ಕೂಗುತ್ತ.