ಮಂಜಿನಾಗ ಸವತಿಕಾಯಿ ವಿಮಾನ

ಗಜ್ಜರಿ? ಗಡ್ಡಿ-ಗೆಣಸು ತಿನ್ನದ ಜೈನರ ಮನ್ಯಾಗ ವಿಮಾನ ಮಾಡಾಕ ಗಜ್ಜರಿ ಎಲ್ಲಿಂದ ತರ್ಲಿ, ಅಪೂರ್ವ! ಸವತಿಕಾಯಿ ತಗೋ. ಇದು ನನ್ನ ವಿಮಾನ, ಆ ಇನ್ನೊಂದು ಸವತಿಕಾಯಿ ಮ್ಯಾಲಿಂದ ಇಳಿಯೂ ವಿಮಾನ. ಟೇಬಲ್ ನಡುವ ರನ್‌ವೇ. ಅದರ ಬಾಜೂಕ ಮೆಣಸಿನಕಾಯಿ ಸಾಲು ಅಂದ್ರ ಕೆಂಪು ದೀಪ. ಹತ್ತಿದ್ರ ನಿಲ್ಲೂದು, ಆರಿದ್ರ ದಾಟೂದು. ಬಿ.ಎ. ಮಾಡಿದ ನಿನ್ನ ಮುದುಕಿ ಆಯಿಗೆ ಇಷ್ಟು ತಿಳಿಯಂಗಿಲ್ಲೇನ?

ನೀ ಟಾವರಿನಾಗ ಕುಂತು ವಿಮಾನಗಳಿಗೆ ದಾರಿ ಹೇಳಾಕಿ. ಹೊರಗ ನಮ್ಮ ದೂಧಗಂಗಾ ಹೊಳಿ ದಂಡಿಗೆ ಬೀಳ್ತೈತಲ್ಲ, ಅಂಥಾ ಮಂಜು. ನಾ ನಿನಗ ಕಾಣಂಗಿಲ್ಲ, ನೀ ನನಗ ಕಾಣಂಗಿಲ್ಲ. ಹೇಳು, ಏನ ಮಾಡ್ಲಿ?

...ಕೆಂಪು ದೀಪದ ಮುಂದ ನಿಲ್ಲೂದೇನ? ಹೂಂ.

ಯಾಕ ನಗ್ತಿ? ...ಬರೇ 'ಹೂಂ' ಅನಬಾರದೇನ? ಹೇಳಿದ್ದನ್ನ ಹಂಗ ತಿರಗಿ ಹೇಳ್ಬೇಕು? ಆತವ್ವಾ: 'ಕೆಂಪು ದೀಪದ ಮುಂದ ನಿಲ್ತೇನಿ, ರನ್‌ವೇ ದಾಟಂಗಿಲ್ಲ.' ಸಾಕೇನ? ಈ ಪದ್ಧತಿ ನಿಮ್ಮಜ್ಜಗ ಕಲಿಸಬೇಕಿತ್ತು... ಜನ್ಮೆಲ್ಲಾ 'ಹೂಂ' ಅಂದು, ತಮಗ ಬೇಕಾದ್ದ ಮಾಡಿದ್ರು!

ಮುಂದ? ...ಹಿಂದಕ್ಕ ಹೊಳ್ಳಿ ಹೋಗ್ಲಿ? ಆತ್ರಿ ಟಾವರ್ ಬಾಯಾರ, ಬರ್ತೇನ್ರಿ!

ಮತ್ತ ನಗ್ತಾಳ! ...ಅಯ್ಯ, ಹೌದಲ್ಲ! ಹೋಗಾಕಿ 'ಬರ್ತೇನಿ' ಅಂದ್ರ, ನನ್ನ ವಿಮಾನ ರನ್‌ವೇಕ್ಕ ಬರಾಕತ್ತೈತಿ ಅಂತ ನೀ ಗಾಬರಿ ಆಗ್ತಿ! ಆದ್ರ ನಮ್ಮ ಸದಲಗಾ ಊರಾಗ 'ಹೋಗ್ತೇನಿ' ಅಂತ ಯಾರ ಅಂತಾರ? ಅಪಶಕುನ! ...ಇಂಗ್ಲಿಷಿನಾಗ ಹೇಳೂದೇನ? ಹಂಗಾದ್ರ ಚಿಂತಿಲ್ಲ, ಇಂಗ್ಲಿಷಿಗೆ ಅಪಶಕುನ ತಟ್ಟಂಗಿಲ್ಲ.

ನಾಳೆ ಪರೀಕ್ಷಾದಾಗ ಹಿಂಗ ನಗಬ್ಯಾಡ ಮತ್ತ. ಪಾಸಾದ್ರ ಖರೇ ಟಾವರಿನಾಗ ಕುಂದ್ರಾಕಿ ನೀ! ಸಂಜೀ ಬಸ್ಸಿಗೆ ಹೊಂಟ ಬಿಡು, ನನ್ನ ಚಿಂತಿ ಮಾಡಬ್ಯಾಡ. ಗಟ್ಟಿಮುಟ್ಟ ಅದೇನಿ.

ಇನ್ನೊಮ್ಮೆ ಆಡೂಣು. ಹೇಳು ಹೇಳು. ...ಕೆಂಪು ದೀಪ ಕಾಣ್ತಾವೇನ ಅಂತೀ? ಕಾಣದೇನ! ಸಾಲು ಸಾಲು, ಒಂದೊಂದು ತೊಟ್ಟ ಸುದ್ದಾ ಕಾಣಾಕತ್ತೈತಿ. ನೋಡು, ನಿಂತೇನಿ. ಒಂದಿಂಚ ದಾಟಿಲ್ಲ!

...ತಪ್ಪಾತೇನ?

ಅಪೂರ್ವ? ...ನನ್ನ ಅಂಗೈಯಾಗ ಏನ ಇಟ್ಟಿ? ...ಮೆಣಸಿನಕಾಯಿ. ಟೇಬಲ್ ಮ್ಯಾಲಿಂದ ಯಾವಾಗ ತಗದಿ?

ಇಲ್ಲೆ... ಇಲ್ಲೆ ಬೆಳಕ ಕಡಿಮಿ ಐತಿ ಕೂಸ. ...ಹೌದು, ಮಟಮಟ ಮಧ್ಯಾಹ್ನ. ಗೊತ್ತೈತಿ.

ನಿನ್ನ ಪರೀಕ್ಷಾ ಮುಗೀಲಿ ಅಂದ್ಕೊಂಡಿದ್ದೆ. ಮೊದ್ಲ ಹೇಳಿದ್ರ ನೀ ಬಸ್ಸ ಹತ್ತತಿದ್ದಿಯೇನ? ಡಾಕ್ಟರು ಕಣ್ಣಿಗೆ ಪೊರಿ ಬಂದೈತಿ ಅಂದಾರ, ತಗದ್ರ ಆತು. ನೀ ಬಸ್ಸ ಬಿಡಬ್ಯಾಡ... ಬಿಡಬ್ಯಾಡ, ಕೇಳಿದಿಯೇನ?

...ಅಳಾಕತ್ತಿಯೇನ? ಎದ್ದ ಹೋದಿಯೇನ? ಒಂದ ಮಾತಾಡ ನನ್ನವ್ವಾ... ನೀ ಮಾತಾಡಿದ್ರ, ಯಾವ ಕಡೆ ಕುಂತಿ ಅಂತ ನನಗ ತಿಳೀತೈತಿ.